ಕೃಪಾಳ ಅಣ್ಣನ್ನ ಕರೀರಿ

"ಅಂಜನ್, ಏಳಪ್ಪ. ನಿನ್ ತಂಗಿ ಅಳ್ತಾವ್ಳೆ. ಮಿಸ್ಸು ಕರೀತಾವ್ರೆ."

ಆಯಾ ಮಾರಕ್ಕ ಮೈದಾನದ ಅಂಚಿನಲ್ಲಿ ನಿಂತು ಕೂಗಿದಾಗ ಅಂಜನ್ ಖೋಖೋ ಸಾಲಿನಲ್ಲಿ ಕೂತಿದ್ದ. ಬೆನ್ನ ಹಿಂದೆ ಓಡಿ ಬರುತ್ತಿದ್ದವನ ಹೆಜ್ಜೆ ಸದ್ದು ಕೇಳಿಸುತ್ತಿತ್ತು. ಇನ್ನೇನು ಬೆನ್ನಿಗೆ ಕೈ ಬಿದ್ದು 'ಖೋ' ಎಂದುಬಿಟ್ಟರೆ ಎದ್ದು ಓಡಬೇಕು. ಅವತ್ತು ಸ್ಕೂಲ್ ಟೀಮಿಗೆ ಸೆಲೆಕ್ಷನ್.

ಅಂಜನ್ ಕೇಳಿಸದವನ ಹಾಗೆ ಕೂತೇ ಇದ್ದ.

ಪಿ.ಟಿ. ಮಾಸ್ತರು ಬೈರಪ್ಪ ಸರ್ ಸೀಟಿ ಊದಿ ಆಟ ನಿಲ್ಲಿಸಿದರು. "ಹೋಗಪ್ಪ ಅಂಜನ್. ಪಾಪ, ಮಗು ಅಳ್ತಿದೆ. ದೀಪು, ಇವನ ಜಾಗದಲ್ಲಿ ಕೂತ್ಕೋ."

"ಸರ್, ನಾನು ಬರೋ ತನಕ..."

"ಮುಂದಿನ ವರ್ಷ ಇದ್ದೇ ಇದೆಯಲ್ಲೋ."

ಮುಂದಿನ ವರ್ಷವಂತೆ. ಹತ್ತು ವರ್ಷದ ಹುಡುಗನಿಗೆ ಮುಂದಿನ ವರ್ಷ ಎನ್ನುವುದೂ ಒಂದೇ, ಮುದುಕನಾದ ಮೇಲೆ ಎನ್ನುವುದೂ ಒಂದೇ. ಬೈರಪ್ಪ ಸರ್ ಕೂಡ ಒಂದು ಕಾಲಕ್ಕೆ ಹತ್ತು ವರ್ಷದವರೇ ಆಗಿದ್ದರು. ದೊಡ್ಡವರು ಅದನ್ನು ಹೇಗೆ ಮರೆಯುತ್ತಾರೋ ಕಾಣೆ.

ಅಂಜನ್ ಚಡ್ಡಿಗೆ ಅಂಟಿದ ಮಣ್ಣನ್ನೂ ಕೊಡವಿಕೊಳ್ಳದೆ ಮಾರಕ್ಕನ ಹಿಂದೆ ಹೊರಟ. ಹಿಂದೆ ಯಾರೋ 'ಖೋ' ಎಂದದ್ದು ಕೇಳಿಸಿತು. ದೀಪು ಎದ್ದು ಓಡಿದ್ದೂ ಕೇಳಿಸಿತು. ಅವನು ತಿರುಗಿ ನೋಡಲಿಲ್ಲ. ನೋಡಿದರೆ ಅಳು ಬಂದುಬಿಡುತ್ತಿತ್ತು.

ಇದು ಮೊದಲ ಸಲವಾಗಿದ್ದರೆ ಹೋಗಲಿ ಬಿಡು ಎನ್ನಬಹುದಿತ್ತು. ಜೂನ್ ತಿಂಗಳಲ್ಲಿ ಅವನ ತಂಗಿ ಕೃಪಾ ಇದೇ ಶಾಲೆಯ ಎರಡನೇ ಕ್ಲಾಸಿಗೆ ಸೇರಿದ ಮೇಲೆ ಇದೇ ಅವನ ದಿನದ ಕತೆಯಾಗಿತ್ತು. ಕನ್ನಡ ಪದ್ಯ ಅರ್ಧ ಆಗಿರುತ್ತಿತ್ತು, ಮಾರಕ್ಕ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಳು. ಲೆಕ್ಕದ ಸರ್ ಹೊಸ ಪಾಠ ಶುರು ಮಾಡುತ್ತಿದ್ದರು, ಮಾರಕ್ಕ ಬಂದು ನಿಲ್ಲುತ್ತಿದ್ದಳು. ಊಟದ ಡಬ್ಬಿ ತೆರೆದು ಮೊದಲ ತುತ್ತು ಬಾಯಿಗಿಡುವಾಗಲೂ ಬರುತ್ತಿದ್ದಳು. ಕೆಳಗಿನ ಮಹಡಿಯಲ್ಲಿ ಯಾರಾದರೂ "ಕೃಪಾಳ ಅಣ್ಣನ್ನ ಕರೀರಿ" ಎಂದರೆ ಸಾಕು, ಮೇಲಿನ ಮಹಡಿಯಲ್ಲಿ ಅವನ ಪಾಠ ಅಲ್ಲಿಗೆ ಮುಗಿಯಿತು. ಶಾಲೆಯಲ್ಲಿ ಎಷ್ಟೋ ಜನಕ್ಕೆ ಅವನ ಹೆಸರೇ ಗೊತ್ತಿರಲಿಲ್ಲ.

"ಬಂಗಾರದಂಥ ಹುಡುಗ" ಎಂದು ಮಾತ್ರ ಎಲ್ಲರೂ ಹೊಗಳುತ್ತಿದ್ದರು. ಒಂದು ಸಲ ಹೊಗಳಿಬಿಟ್ಟರೆ ಆಮೇಲೆ ಯಾವ ಕೆಲಸ ಬೇಕಾದರೂ ಹೇಳಬಹುದು ಎಂದು ದೊಡ್ಡವರು ತಿಳಿದುಕೊಂಡಿರುತ್ತಾರೆ.

ಎರಡನೇ ಕ್ಲಾಸಿನ ಬಾಗಿಲ ಹತ್ತಿರ ಬರುವಾಗಲೇ ಕೃಪಾಳ ಕಿರುಚಾಟ ಕೇಳಿಸಿತು. ಅವಳು ಕೊನೆಯ ಬೆಂಚಿನ ಕೆಳಗೆ ಮುದುಡಿ ಕೂತಿದ್ದಳು. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, ತಲೆಯನ್ನು ಗೋಡೆಗೆ ಕುಟ್ಟುತ್ತಿದ್ದಳು. ಮಕ್ಕಳೆಲ್ಲ ಎದ್ದು ಬಂದು ಸುತ್ತ ನಿಂತು ನೋಡುತ್ತಿದ್ದರು.

ನಾಗವೇಣಿ ಮಿಸ್ ಕೋಪದಿಂದ ಹೇಳಿದರು, "ನೋಡು ನಿನ್ನ ತಂಗೀನ. ಟೇಬಲ್ಸ್ ಹೇಳಿಸ್ತಿದ್ದೆ. ನನ್ನ ಮುಖಕ್ಕೇ ಕೈ ತೋರಿಸ್ತಾಳೆ. ಟೀಚರ್‌ಗೆ ಯಾರಾದ್ರೂ ಹಿಂಗೆ ಕೈ ಅಡ್ಡ ಹಿಡೀತಾರಾ? ಇಳಿಸು ಅಂತ ಕೈ ಹಿಡ್ಕೊಂಡಿದ್ದಕ್ಕೆ ಇಷ್ಟು ರಾದ್ಧಾಂತ."

ಏನಾಗಿದೆ ಎಂದು ಅಂಜನ್‌ಗೆ ತಕ್ಷಣ ಗೊತ್ತಾಯಿತು. ಆದರೆ ಅವನು ಬಾಯಿ ಬಿಡಲಿಲ್ಲ. "ಸ್ವಲ್ಪ ದೂರ ಹೋಗ್ರೋ" ಎಂದು ಮಕ್ಕಳನ್ನು ಸರಿಸಿದ. ಕ್ಲಾಸಿಗೆ ಬೆನ್ನು ಮಾಡಿ ತಂಗಿಯ ಮುಂದೆ ನೆಲದ ಮೇಲೆ ಕೂತ. ಅವಳನ್ನು ಮುಟ್ಟಲಿಲ್ಲ. ಅಂಗೈ ಕೆಳಗೆ ಮಾಡಿ, ಕೈಯನ್ನು ಎದೆಯ ಮುಂದೆ ನಿಧಾನವಾಗಿ ಇಳಿಸಿದ. ಮತ್ತೆ ಎತ್ತಿ, ಮತ್ತೆ ನಿಧಾನವಾಗಿ ಇಳಿಸಿದ.

ಕೃಪಾ ಆ ಕೈಯನ್ನೇ ನೋಡಿದಳು. ತಲೆ ಕುಟ್ಟುವುದು ಕಡಿಮೆಯಾಯಿತು. ಸ್ವಲ್ಪ ಹೊತ್ತಿನ ಮೇಲೆ ಅಳು ಬಿಕ್ಕಳಿಕೆಯಾಯಿತು. ಆಮೇಲೆ ಅದೂ ನಿಂತಿತು.

"ಅದೇನ್ ಮಂತ್ರ ಹಾಕ್ತಾನೋ" ಎಂದು ಮಿಸ್ ನಿಟ್ಟುಸಿರು ಬಿಟ್ಟರು. ಏನು ಮಾಡಿದೆ ಎಂದು ಮಾತ್ರ ಕೇಳಲಿಲ್ಲ.

ಅದು ಮಂತ್ರವಲ್ಲ, ಪ್ರೆಸ್ ಶಾಪಿನ ಸನ್ನೆ. ಅಂಜನ್‌ನ ಅಪ್ಪ ಮುನಿಕೃಷ್ಣ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಪವರ್ ಪ್ರೆಸ್ ಆಪರೇಟರ್. ಕಬ್ಬಿಣದ ಶೀಟಿನ ಮೇಲೆ ಪ್ರೆಸ್ ಬಿದ್ದರೆ ನೆಲವೇ ಅದುರುತ್ತದೆ. ಒಳಗೆ ಎಲ್ಲರೂ ಕಿವಿಗೆ ಪ್ಲಗ್ ಹಾಕಿಕೊಂಡಿರುತ್ತಾರೆ. ಅಲ್ಲಿ ಬಾಯಿಂದ ಆಡುವ ಮಾತಿಗೆ ಕೆಲಸವೇ ಇಲ್ಲ, ಕೈಯದೇ ಮಾತು. ಅಂಗೈ ಮುಂದೆ ಮಾಡಿ ಕೈ ಎತ್ತಿದರೆ ಮಿಷನ್ ನಿಲ್ಲಿಸು ಎಂದು. ಅಂಗೈ ಕೆಳಗೆ ಮಾಡಿ ನಿಧಾನ ಇಳಿಸಿದರೆ ನಿಲ್ತಾ ಇದೆ, ತಾಳು ಎಂದು. ತೋರುಬೆರಳನ್ನು ಗಾಳಿಯಲ್ಲಿ ಸುತ್ತಿಸಿದರೆ ಈಗ ಶುರು ಮಾಡ್ತೀನಿ, ಹುಷಾರು ಎಂದು. ಬೆರಳು ಸುತ್ತಿಸದೆ ಯಾರೂ ಪ್ರೆಸ್ ಹೊಡೆಯುವಂತಿಲ್ಲ. ಕೈ ಎತ್ತಿದ್ದನ್ನು ನೋಡಿಯೂ ಯಾರೂ ಸುಮ್ಮನಿರುವಂತಿಲ್ಲ.

ಅಪ್ಪನಿಗೆ ಅದೇ ಅಭ್ಯಾಸವಾಗಿ, ಊಟಕ್ಕೆ ಕೂತಾಗಲೂ ಸಾರು ಸಾಕು ಎನ್ನುವುದಕ್ಕೆ ಕೈ ಎತ್ತುತ್ತಿದ್ದ. "ಮನೇನೂ ಪ್ರೆಸ್ ಶಾಪ್ ಮಾಡ್ಬಿಟ್ರಿ" ಎಂದು ಅಮ್ಮ ಬೈಯುತ್ತಿದ್ದಳು. ಆಗ ಕೃಪಾ ತುಂಬ ಚಿಕ್ಕವಳು. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ, ಮಾತೂ ಬಂದಿರಲಿಲ್ಲ. ಆದರೆ ಅಪ್ಪನ ಕೈಯನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಒಂದು ದಿನ ಅಮ್ಮ ಮಿಕ್ಸಿ ಹಾಕಿದಾಗ ಅಡುಗೆಮನೆ ಬಾಗಿಲಿಗೆ ಬಂದು, ಅಂಗೈ ಮುಂದೆ ಮಾಡಿ ಕೈ ಎತ್ತಿದಳು. ಅಮ್ಮ ಮಿಕ್ಸಿ ನಿಲ್ಲಿಸಿ ಅಲ್ಲೇ ಕೂತು ಅತ್ತುಬಿಟ್ಟಳು. ಮಗಳು ಮೊದಲ ಸಲ ಏನನ್ನೋ ಹೇಳಿದ್ದಳು.

"ಕೃಪಾಳಿಗೆ ಆಟಿಸಂ ಇದೆ" ಎಂದು ಆಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದರು. "ಇದು ಔಷಧಿ ಕೊಟ್ಟು ವಾಸಿ ಮಾಡೋ ಕಾಯಿಲೆ ಅಲ್ಲ. ಮಗು ಇರೋದೇ ಹೀಗೆ. ನಮಗೆ ಸಣ್ಣದಾಗಿ ಕೇಳಿಸೋ ಸದ್ದು ಅವಳಿಗೆ ಸಿಡಿಲಿನ ಥರ ಕೇಳಿಸಬಹುದು. ಏನಾಗುತ್ತೆ ಅಂತ ಮುಂಚೇನೇ ತಿಳಿಸಿದ್ರೆ ಅವಳ ಭಯ ಕಡಿಮೆ ಆಗುತ್ತೆ" ಎಂದಿದ್ದರು. ಅಂದಿನಿಂದ ಮನೆಯಲ್ಲಿ ಕುಕ್ಕರ್ ಕೂಗುವ ಮುಂಚೆ ಅಮ್ಮ ಬೆರಳು ಸುತ್ತಿಸುತ್ತಾಳೆ. ಕೃಪಾ ತಾನೇ ಎದ್ದು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂರುತ್ತಾಳೆ. ಕುಕ್ಕರ್ ಕೂಗಿ ಸುಮ್ಮನಾದ ಮೇಲೆ ಒಳಗೆ ಬರುತ್ತಾಳೆ. ಈಗ ಅವಳಿಗೆ ಒಂದಿಷ್ಟು ಮಾತೂ ಬಂದಿದೆ. ಹೆದರಿಕೆಯಾದಾಗ ಮಾತ್ರ ಮಾತೆಲ್ಲ ಹೋಗಿ ಕೈ ಒಂದೇ ಉಳಿಯುತ್ತದೆ.

ಶಾಲೆಯಲ್ಲಿ ಇದನ್ನೆಲ್ಲ ಅಂಜನ್ ಯಾರಿಗೂ ಹೇಳಿರಲಿಲ್ಲ. ಮೊದಮೊದಲು ಅವನು ತಂಗಿಗೆ ಸನ್ನೆ ಮಾಡುವುದನ್ನು ದೀಪು ಕಿಟಕಿಯಿಂದ ನೋಡಿಬಿಟ್ಟಿದ್ದ. ಆಮೇಲೆ ವಾರಗಟ್ಟಲೆ ಕಾರಿಡಾರಿನಲ್ಲಿ ಕೈ ಆಡಿಸುತ್ತ "ಮಗಾ, ಇದೇನ್ ಮೂಗರ ಭಾಷೇನಾ" ಎಂದು ರೇಗಿಸಿದ್ದ. ಅಂದಿನಿಂದ ಅಂಜನ್ ಬೆನ್ನು ಮಾಡಿ ಕೂತೇ ಸನ್ನೆ ಮಾಡುವುದು.

ಖೋಖೋ ಸೆಲೆಕ್ಷನ್ ಆದ ಮಾರನೆ ದಿನ ಹೆಡ್ ಮಿಸ್ ಜ್ಯೋತಿಲಕ್ಷ್ಮಿ ಮೇಡಂ ಅಪ್ಪ ಅಮ್ಮನನ್ನು ಕರೆಸಿದರು. ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದ ಅಮ್ಮ ಅರ್ಧ ದಿನ ರಜೆ ಹಾಕಿ ಬಂದಳು. ಅಪ್ಪ ರಾತ್ರಿ ಪಾಳಿ ಮುಗಿಸಿ ಸೀದಾ ಬಂದಿದ್ದ. ಕಣ್ಣು ಕೆಂಪಗಿತ್ತು. ಅಂಜನ್ ಅವರಿಬ್ಬರ ಪಕ್ಕ ನಿಂತ.

"ನೋಡಿ, ಬೇರೆ ಪೇರೆಂಟ್ಸ್ ಕಂಪ್ಲೇಂಟ್ ಮಾಡ್ತಿದಾರೆ," ಎಂದರು ಮೇಡಂ. "ಮಕ್ಕಳ ಓದು ಹಾಳಾಗ್ತಿದೆ ಅಂತ ವಾಟ್ಸಾಪ್ ಗ್ರೂಪಲ್ಲಿ ದಿನಾ ಹಾಕ್ತಿದಾರೆ. ಇಂಥಾ ಮಕ್ಕಳಿಗೆ ಅಂತಾನೇ ಬೇರೆ ಸ್ಕೂಲ್ ಇರುತ್ತೆ. ಟಿ.ಸಿ. ತಗೊಂಡು ಅಲ್ಲಿಗೇ ಸೇರಿಸಿ."

"ಮೇಡಂ, ಅಂಗನ್ಬೇಡಿ," ಎಂದು ಅಪ್ಪ ಕೈ ಮುಗಿದ. "ಬೇರೆ ಕಡೆ ಎಲ್ಲೂ ಸೇರಿಸ್ಕೊಳ್ಲಿಲ್ಲ."

ಮೇಡಂ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ ಯೋಚಿಸಿದರು. "ಆಯ್ತು, ಒಂದು ಕೆಲಸ ಮಾಡೋಣ. ಬೆಳಗ್ಗೆ ಹೊತ್ತು ಹೇಗೋ ನಡೆಯುತ್ತೆ. ಮಧ್ಯಾಹ್ನದ ಮೇಲೇ ಅವಳ ಗಲಾಟೆ ಜಾಸ್ತಿ. ಊಟ ಆದ್ಮೇಲೆ ಅಂಜನ್ ಎರಡನೇ ಕ್ಲಾಸಲ್ಲೇ ತಂಗಿ ಪಕ್ಕ ಕೂತ್ಕೊಳ್ಳಲಿ. ಇವನಿದ್ರೆ ಅವಳು ಸುಮ್ಮನಿರ್ತಾಳೆ. ಎಷ್ಟು ಒಳ್ಳೆ ಅಣ್ಣ."

ಅಂಜನ್‌ಗೆ ಮೊದಲು ಅರ್ಥವೇ ಆಗಲಿಲ್ಲ. ಐದನೇ ಕ್ಲಾಸಿನವನು ಎರಡನೇ ಕ್ಲಾಸಿನಲ್ಲಿ ಕೂರುವುದು ಎಂದರೇನು?

"ಮತ್ತೆ ಇವನ ಪಾಠ, ಮೇಡಂ?" ಅಮ್ಮ ಕೇಳಿದಳು.

"ಐದನೇ ಕ್ಲಾಸಲ್ಲಿ ಅಂಥಾದ್ದೇನಿದೆ ಬಿಡಿ. ಜಾಣ ಹುಡುಗ, ಮನೇಲಿ ಓದ್ಕೋತಾನೆ. ಅಲ್ವೇನೋ ಅಂಜನ್?"

ಐದನೇ ಕ್ಲಾಸಲ್ಲಿ ಅಂಥಾದ್ದೇನಿದೆ. ಪ್ರತಿ ಸೋಮವಾರ ಪ್ರಾರ್ಥನೆ ಆದ ಮೇಲೆ, ಒಂದು ಪೀರಿಯಡ್ಡೂ ತಪ್ಪಿಸಬಾರದು ಎಂದು ಮೈಕಿನಲ್ಲಿ ಹೇಳುವುದು ಇದೇ ಮೇಡಂ. ಜ್ವರ ಬಂದು ರಜೆ ಹಾಕಿದರೂ ಬೈಯುವುದು ಇದೇ ಮೇಡಂ. ಅಂಜನ್‌ಗೆ ಕಿವಿಯೆಲ್ಲ ಬಿಸಿಯಾಯಿತು. ಅಪ್ಪ ಏನಾದರೂ ಹೇಳಲಿ ಎಂದು ಅವನ ಮುಖ ನೋಡಿದ.

"ಆಯ್ತು ಮೇಡಂ," ಎಂದ ಅಪ್ಪ.

"ಇವನು ಪಕ್ಕದಲ್ಲಿ ಇರೋ ತನಕ ಅವಳೂ ಇರಬಹುದು. ಇಲ್ಲಾಂದ್ರೆ ಟಿ.ಸಿ. ಕೊಡದೆ ನನಗೆ ಬೇರೆ ದಾರಿ ಇಲ್ಲ," ಎಂದು ಮೇಡಂ ಮಾತು ಮುಗಿಸಿದರು.

ಸಂಜೆ ಮನೆಯಲ್ಲಿ ಅಂಜನ್ ತಿಂಡಿಯ ತಟ್ಟೆ ಮುಟ್ಟಲಿಲ್ಲ.

"ನೀನ್ಯಾಕಪ್ಪ ಆಯ್ತು ಅಂದೆ?" ಎಂದು ಕೇಳಿದ. "ನನ್ನ ಒಂದು ಮಾತು ಕೇಳಿದ್ಯಾ?"

"ಅಲ್ಲಿ ನನಗೆ ಮಾತೇ ಬರ್ಲಿಲ್ಲ ಕಣೋ," ಎಂದ ಅಪ್ಪ. ಅವನು ಷೂ ಲೇಸು ಕಟ್ಟುತ್ತಿದ್ದ, ಪಾಳಿಗೆ ಹೊರಟಿದ್ದ. "ಟಿ.ಸಿ. ಅಂದ ತಕ್ಷಣ ಕೈಕಾಲು ಆಡಲ್ಲ ನನಗೆ. ಇವಳನ್ನ ಎಲ್ಲಿಗೆ ಕರ್ಕೊಂಡೋಗ್ಲಿ?"

"ಹಂಗಾದ್ರೆ ನನಗೂ ಟಿ.ಸಿ. ತಗೋ. ನಾನೂ ಓದಲ್ಲ."

"ಅಂಜನ್," ಎಂದಳು ಅಮ್ಮ.

"ಖೋಖೋ ಹೋಯ್ತು. ಈಗ ಕ್ಲಾಸೂ ಹೋಯ್ತು. ಎಲ್ಲಾ ಇವಳಿಂದಾನೇ. ಇವಳು ಸ್ಕೂಲಿಗೆ ಬರೋದೇ ಬೇಡ."

ಹೇಳಿದ ಮೇಲೆ ಅವನು ತಂಗಿಯ ಕಡೆ ನೋಡಿದ. ಕೃಪಾ ಅಲ್ಲೇ ಗೋಡೆಗೆ ಒರಗಿ ಮೊಸರನ್ನ ತಿನ್ನುತ್ತಿದ್ದಳು. ಅವಳು ತಲೆ ಎತ್ತಲಿಲ್ಲ. ಕೇಳಿಸಿತೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ಅನ್ನ ಮುಗಿದ ಮೇಲೆ ಬ್ಯಾಗಿನ ಹತ್ತಿರ ಹೋಗಿ, ನಾಳೆಯ ಸ್ಕೂಲ್ ಡ್ರೆಸ್ಸು, ಸಾಕ್ಸು, ಬೆಲ್ಟು ಎಲ್ಲ ತೆಗೆದು ಹಾಸಿಗೆಯ ಪಕ್ಕ ಇಟ್ಟುಕೊಂಡಳು. ದಿನವೂ ಅವಳು ಹಾಗೇ ಮಾಡುತ್ತಿದ್ದಳು. ಅಷ್ಟು ಅತ್ತರೂ, ಅಷ್ಟು ಬೈಸಿಕೊಂಡರೂ, ಸ್ಕೂಲಿಗೆ ಹೋಗಲ್ಲ ಎಂದು ಒಂದು ದಿನವೂ ಅವಳು ಹಟ ಮಾಡಿರಲಿಲ್ಲ.

ಅಂಜನ್ ಅದನ್ನು ನೋಡಿ ಇನ್ನಷ್ಟು ಸಿಟ್ಟಾದ. ಈ ಸಲ ಸಿಟ್ಟು ಯಾರ ಮೇಲೆ ಎಂದು ಅವನಿಗೆ ಸರಿಯಾಗಿ ತಿಳಿಯಲಿಲ್ಲ. ತಂಗಿಯ ಮೇಲಂತೂ ಆಗಿರಲಿಲ್ಲ.

ಮರುದಿನ ಊಟದ ಬೆಲ್ ಆದ ಮೇಲೆ ಅವನು ಬ್ಯಾಗ್ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಇಳಿದ. "ಫೇಲಾಗಿಬಿಟ್ಯಾ ಮಗಾ?" ಎಂದು ದೀಪು ಮೇಲಿನಿಂದ ಕೂಗಿದ. ಎರಡನೇ ಕ್ಲಾಸಿನ ಬೆಂಚು ಎಷ್ಟು ಚಿಕ್ಕದೆಂದರೆ ಅಂಜನ್‌ನ ಮಂಡಿ ಡೆಸ್ಕಿಗೆ ತಾಗಿ ಒಳಗೆ ಹೋಗಲೇ ಇಲ್ಲ. ಅಡ್ಡ ತಿರುಗಿ ಕೂತ. ಮುಂದಿನ ಬೆಂಚಿನ ಮಕ್ಕಳೆಲ್ಲ ಪಾಠ ಬಿಟ್ಟು ಇವನನ್ನೇ ನೋಡುತ್ತಿದ್ದರು.

ಕ್ಲಾಸಂತೂ ಕಿಕ್ಕಿರಿದಿತ್ತು. ತಲೆಯ ಮೇಲೆ ಫ್ಯಾನು ಕಟಕಟ ಎನ್ನುತ್ತಿತ್ತು. ಪಕ್ಕದ ವರ್ಕ್‌ಶಾಪಿನಲ್ಲಿ ಯಾರೋ ಕಬ್ಬಿಣ ಕತ್ತರಿಸುತ್ತಿದ್ದರು. ಅಂಜನ್‌ಗೇ ತಲೆ ನೋಯತೊಡಗಿತು. ಇಲ್ಲಿ ಕೃಪಾ ದಿನವಿಡೀ ಹೇಗೆ ಕೂರುತ್ತಾಳೆ ಎಂದು ಅವನು ಇಷ್ಟು ದಿನ ಯೋಚಿಸಿಯೇ ಇರಲಿಲ್ಲ. ಅವಳು ಮಾತ್ರ ಬಗ್ಗಿ ಕೂತು, ಒಂದೊಂದೇ ಅಕ್ಷರವನ್ನು ಗುಂಡಗೆ ಬರೆಯುತ್ತಿದ್ದಳು.

"ಎಲ್ಲಾರೂ ಪುಸ್ತಕ ಮುಚ್ಚಿ. ಟೇಬಲ್ಸ್," ಎಂದರು ನಾಗವೇಣಿ ಮಿಸ್. "ಜೋರಾಗಿ ಹೇಳ್ಬೇಕು. ಆಫೀಸ್ ರೂಮಿಗೆ ಕೇಳಿಸ್ಬೇಕು."

"ಟೂ ಒನ್ಸ್ ಆರ್ ಟೂ..."

ಇಡೀ ಕ್ಲಾಸು ಒಮ್ಮೆಲೇ ಕೂಗಿತು. ಕೃಪಾಳ ಮೈ ನಡುಗಿದ್ದು ಪಕ್ಕದಲ್ಲಿದ್ದ ಅಂಜನ್‌ಗೆ ಗೊತ್ತಾಯಿತು. ಪೆನ್ಸಿಲ್ ಕೆಳಗೆ ಬಿತ್ತು. ಅವಳು ಅಂಗೈ ಮುಂದೆ ಮಾಡಿ ಕೈ ಎತ್ತಿದಳು. ಸರಿಯಾಗಿ ಮಿಸ್‌ನ ಮುಖದ ಕಡೆಗೆ.

"ನೋಡು, ಮತ್ತೆ ಶುರುವಾಯ್ತು," ಎಂದು ಮಿಸ್ ಬೆಂಚಿನ ಕಡೆಗೆ ಬಂದರು. "ಅಂಜನ್, ಆ ಕೈ ಇಳಿಸು. ಇದಕ್ಕೇ ತಾನೇ ನಿನ್ನ ಕೂರಿಸಿರೋದು?"

ಅಂಜನ್ ಕೈ ಇಳಿಸಲಿಲ್ಲ. ಎದ್ದು ನಿಂತ. ಏಳುವಾಗ ಡೆಸ್ಕು ದಡಕ್ಕೆಂದಿತು.

"ಮಿಸ್, ಅವಳು ನಿಮಗೆ ಕೈ ತೋರಿಸ್ತಿಲ್ಲ. ಮಿಷನ್ ನಿಲ್ಲಿಸಿ ಅಂತಿದಾಳೆ."

ಮಕ್ಕಳು ಗೊಳ್ಳೆಂದು ನಕ್ಕರು.

"ಯಾವ ಮಿಷನ್ನೋ?"

"ಸದ್ದು, ಮಿಸ್. ಸದ್ದು ಜಾಸ್ತಿ ಆಯ್ತು, ನಿಲ್ಲಿಸಿ ಅಂತ. ನಮ್ಮಪ್ಪನ ಫ್ಯಾಕ್ಟರೀಲಿ ಹಿಂಗೇ ಕೈ ಎತ್ತೋದು. ನಮ್ಮನೇಲೂ ಹಿಂಗೇ. ಅವಳಿಗೆ ಹಂಗೆ ಕೇಳ್ಕೊಳ್ಳೋಕಷ್ಟೇ ಬರೋದು. ಅವಳು ದಿನಾ ಕೇಳ್ತಾಳೆ, ನೀವು ದಿನಾ ಕೈ ಹಿಡಿದು ಇಳಿಸ್ತೀರ."

"ಹೌದು ಮಿಸ್," ಎಂದು ಮುಂದಿನ ಬೆಂಚಿನಿಂದ ಯಶವಂತ ಎನ್ನುವ ಪುಟ್ಟ ಹುಡುಗ ಎದ್ದ. "ನಮ್ಮಪ್ಪನೂ ಫ್ಯಾಕ್ಟರೀಲೇ ಇರೋದು, ಹಂಗೇ ಮಾಡ್ತಾರೆ. ಕೈ ಎತ್ತಿದ್ರೆ ಸ್ಟಾಪ್ ಅಂತ."

"ನೀನು ಕೂತ್ಕೋ ಯಶವಂತ. ಅಂಜನ್, ನೀನೂ ಕೂತ್ಕೋ. ಎದುರುತ್ತರ ಬೇಡ."

ಅಂಜನ್ ಕೂರಲಿಲ್ಲ. ಇಷ್ಟು ತಿಂಗಳಿಂದ ಒಳಗೆ ಇದ್ದದ್ದೆಲ್ಲ ಒಂದೇ ಸಲಕ್ಕೆ ಹೊರಗೆ ಬಂತು.

"ಒಂದು ದಿನಾನಾದ್ರೂ ಅವಳ್ಯಾಕೆ ಕೈ ಎತ್ತುತ್ತಾಳೆ ಅಂತ ಕೇಳಿದ್ರಾ ಮಿಸ್? ಕೃಪಾಳ ಅಣ್ಣನ್ನ ಕರೀರಿ, ಕೃಪಾಳ ಅಣ್ಣನ್ನ ಕರೀರಿ, ಅಷ್ಟೇ. ಅವಳು ನಿಮ್ಮ ಕ್ಲಾಸಿನವಳಲ್ವಾ? ನಾನು ಯಾವ ಕ್ಲಾಸಿನವನು? ನನಗೂ ಲೆಕ್ಕ ಬರ್ತಿಲ್ಲ ಈಗ. ನನ್ನ ಕರೆಸೋದು ಸುಲಭ, ಅದಕ್ಕೇ ಕರೆಸ್ತೀರ."

ಈಗ ಯಾರೂ ನಗಲಿಲ್ಲ. ನಾಗವೇಣಿ ಮಿಸ್ ಮುಖ ಬಿಳಿಚಿಕೊಂಡಿತು.

"ಹೊರಗೆ ಹೋಗು," ಎಂದರು.

ಅಂಜನ್ ಹೊರಗೆ ಹೋದ. ಕಾರಿಡಾರಿನ ಗೋಡೆಗೆ ಒರಗಿ ನಿಂತ. ನಾನು ಪಕ್ಕದಲ್ಲಿ ಇದ್ದರೆ ತಾನೇ ಅವಳು ಇರಬಹುದು ಎಂದು ಹೆಡ್ ಮಿಸ್ ಹೇಳಿದ್ದು? ಈಗ ಅವಳು ಕಿರುಚುತ್ತಾಳೆ. ಮಿಸ್ ಹೆಡ್ ಮಿಸ್‌ಗೆ ಹೇಳುತ್ತಾರೆ. ನಾಳೆ ಅಪ್ಪ ಮತ್ತೆ ಕೈ ಮುಗಿದು ನಿಲ್ಲಬೇಕು. ಹೇಳಿದ್ದರಲ್ಲಿ ಒಂದು ಮಾತೂ ತಪ್ಪಾಗಿರಲಿಲ್ಲ, ಆದರೂ ಎಲ್ಲವನ್ನೂ ಹಾಳು ಮಾಡಿಬಿಟ್ಟೆ ಎನಿಸಿತು.

ಒಳಗಿನಿಂದ ಕಿರುಚಾಟ ಬರಲಿಲ್ಲ. ಅವನು ಮೆಲ್ಲಗೆ ಕಿಟಕಿಯಿಂದ ಇಣುಕಿದ.

ಕೃಪಾಳ ಕೈ ಇನ್ನೂ ಎತ್ತಿದ ಹಾಗೇ ಇತ್ತು. ಮಿಸ್ ಅವಳ ಬೆಂಚಿನ ಮುಂದೆ ಏನು ಮಾಡಬೇಕೆಂದು ತೋಚದೆ ನಿಂತಿದ್ದರು. ಅಂಜನ್ ರೇಗಾಡಿದ್ದಕ್ಕೆ ಹೆದರಿ ಕ್ಲಾಸೆಲ್ಲ ಸುಮ್ಮನಾಗಿತ್ತು. ವರ್ಕ್‌ಶಾಪಿನ ಸದ್ದೂ ನಿಂತಿತ್ತು, ಕೇಳಿಸುತ್ತಿದ್ದುದು ಫ್ಯಾನಿನ ಕಟಕಟ ಮಾತ್ರ.

"ಮಿಸ್," ಯಶವಂತ ಮೆಲ್ಲಗೆ ಹೇಳಿದ, "ಕೈ ಎತ್ತಿದ್ರೆ ನಾವೂ ಹಿಂಗೆ ಮಾಡ್ಬೇಕು." ಅವನು ತನ್ನ ಪುಟ್ಟ ಕೈಯನ್ನು ನಿಧಾನವಾಗಿ ಇಳಿಸಿ ತೋರಿಸಿದ.

ಮಿಸ್ ಸುತ್ತ ನೋಡಿದರು. ಯಾರಾದರೂ ನೋಡುತ್ತಿದ್ದಾರೋ ಎಂದು ನಾಚಿಕೊಂಡವರ ಹಾಗಿತ್ತು. ಆಮೇಲೆ ಕೈ ಮುಂದೆ ಮಾಡಿ ಇಳಿಸಿದರು. ತುಂಬ ಬೇಗ ಇಳಿಸಿಬಿಟ್ಟರು. ಮತ್ತೊಂದು ಸಲ ನಿಧಾನವಾಗಿ ಮಾಡಿದರು. ಕೃಪಾ ಅವರ ಮುಖ ನೋಡಲಿಲ್ಲ, ಅವಳು ಯಾರ ಮುಖವನ್ನೂ ಹೆಚ್ಚು ನೋಡುವವಳಲ್ಲ. ಆದರೆ ಆ ಕೈ ಪೂರ್ತಿ ಕೆಳಗೆ ಬರುವವರೆಗೂ ನೋಡಿದಳು. ಆಮೇಲೆ ತನ್ನ ಕೈ ಇಳಿಸಿ, ಕೆಳಗೆ ಬಿದ್ದಿದ್ದ ಪೆನ್ಸಿಲ್ ಎತ್ತಿಕೊಂಡಳು.

ಪೀರಿಯಡ್ ಮುಗಿದ ಮೇಲೆ ನಾಗವೇಣಿ ಮಿಸ್ ಕಾರಿಡಾರಿಗೆ ಬಂದರು. ಅಂಜನ್ ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದ.

"ಇದನ್ನ ಮುಂಚೇನೇ ಯಾಕೆ ಹೇಳ್ಲಿಲ್ಲ ನೀನು?"

"ನೀವು ಕೇಳ್ಲಿಲ್ಲ, ಮಿಸ್."

"ನಿಜ, ಕೇಳ್ಲಿಲ್ಲ," ಎಂದರು ಮಿಸ್. ಆಮೇಲೆ ಅವರ ದನಿಯೂ ಏರಿತು. "ನನಗೆ ಯಾರು ಹೇಳ್ಕೊಟ್ಟಿದಾರೆ ಹೇಳು? ಬೆಂಚಿಗೆ ನಾಲ್ಕು ಮಕ್ಕಳು. ಆಟಿಸಂ ಇರೋ ಮಗು ಬರುತ್ತೆ, ನೋಡ್ಕೊಳ್ಳಿ ಅಂದ್ರು, ಅಷ್ಟೇ. ಹೇಗೆ ನೋಡ್ಕೋಬೇಕು ಅಂತ ಒಬ್ಬರೂ ಹೇಳ್ಲಿಲ್ಲ. ನೀನು ಬಂದ ತಕ್ಷಣ ಸುಮ್ಮನಾಗ್ತಿದ್ದಳು, ನಾನೂ ಅಷ್ಟಕ್ಕೇ ಬಿಟ್ಬಿಟ್ಟೆ."

ಮಿಸ್‌ಗೂ ಸಿಟ್ಟು ಬರುತ್ತದೆ, ಅದೂ ಅಂಜನ್‌ಗೆ ಬಂದಂಥದೇ ಸಿಟ್ಟು ಎಂದು ಅವನಿಗೆ ಅಂದೇ ಗೊತ್ತಾದದ್ದು.

"ಇನ್ನೇನೇನ್ ಸನ್ನೆ ಇದೆ? ತೋರಿಸು."

ಅವನು ತೋರಿಸಿದ. ಈ ಸಲ ಗೋಡೆಗೆ ತಿರುಗಿ ನಿಲ್ಲಲಿಲ್ಲ. ಆಚೆ ಈಚೆ ಹೋಗುತ್ತಿದ್ದವರು ನೋಡುತ್ತಿದ್ದರು, ನೋಡಲಿ ಎಂದುಕೊಂಡ. ಜೋರಾಗಿ ಟೇಬಲ್ಸ್ ಹೇಳಿಸುವ ಮುಂಚೆ ಬೆರಳು ಸುತ್ತಿಸಬೇಕು, ಆಗ ಬೇಕಿದ್ದರೆ ಅವಳು ಎದ್ದು ಬಾಗಿಲ ಹೊರಗೆ ಹೋಗಿ ನಿಲ್ಲುತ್ತಾಳೆ, ಸದ್ದು ಮುಗಿದ ಮೇಲೆ ತಾನೇ ಬರುತ್ತಾಳೆ ಎಂದ. ಅವಳನ್ನು ಹಿಡಿದು ಎಳೆಯಬಾರದು ಎಂದೂ ಹೇಳಿದ.

"ನಾಳೆಯಿಂದ ಮಧ್ಯಾಹ್ನ ನಿನ್ನ ಕ್ಲಾಸಲ್ಲೇ ಇರು," ಎಂದರು ಮಿಸ್.

"ಹೆಡ್ ಮಿಸ್ ಟಿ.ಸಿ. ಕೊಡ್ತಾರೆ."

"ಅವರ ಹತ್ರ ನಾನು ಮಾತಾಡ್ತೀನಿ. ಅವಳು ನನ್ನ ಕ್ಲಾಸಿನವಳು."

ಅಂಜನ್ ನಂಬಲಿಲ್ಲ. ದೊಡ್ಡವರು ಹೀಗೆ ಎಷ್ಟೋ ಹೇಳುತ್ತಾರೆ. ಖೋಖೋ ಟೀಮಿಗೂ ಮುಂದಿನ ವರ್ಷ ಇದ್ದೇ ಇದೆ ಎಂದು ಬೈರಪ್ಪ ಸರ್ ಹೇಳಿದ್ದರು.

ಹೆಡ್ ಮಿಸ್ ಏನಂದರೋ ಅವನಿಗೆ ಗೊತ್ತಿರಲಿಲ್ಲ. ಆದರೂ ಮರುದಿನ ಊಟವಾದ ಮೇಲೆ ಮಿಸ್ ಹೇಳಿದ ಹಾಗೆ ಅವನು ಮೇಲಿನ ಮಹಡಿಯಲ್ಲೇ ಕೂತ. ಲೆಕ್ಕದ ಸರ್ ಭಿನ್ನರಾಶಿ ಕೂಡಿಸುವುದನ್ನು ಬೋರ್ಡಿನ ಮೇಲೆ ಬರೆದರು. ಕೆಳಗಿನ ಅಂಕೆ ಒಂದೇ ಮಾಡಿಕೊಳ್ಳಬೇಕಂತೆ. ಯಾಕೆ ಎಂದು ಎಲ್ಲರಿಗೂ ಗೊತ್ತಿತ್ತು, ಅಂಜನ್ ಒಬ್ಬನನ್ನು ಬಿಟ್ಟು. ಆ ಪಾಠ ಆದ ದಿನ ಅವನು ಎರಡನೇ ಕ್ಲಾಸಿನ ಬೆಂಚಿನ ಕೆಳಗೆ ಕೂತಿದ್ದ. ಅವನು ಪಕ್ಕದಲ್ಲಿದ್ದ ದೀಪುವಿನ ಕಡೆ ನೋಡಿದ. ದೀಪು ಏನೂ ರೇಗಿಸದೆ ತನ್ನ ಪುಸ್ತಕವನ್ನು ಇವನ ಕಡೆಗೆ ಸರಿಸಿದ. "ಮೊದಲು ಇದನ್ನ ನೋಡ್ಕೋ, ಆಮೇಲೆ ಇದು," ಎಂದು ಪಿಸುಗುಟ್ಟಿದ.

ಎರಡನೇ ಲೆಕ್ಕ ಮಾಡುವಾಗ ಕೆಳಗಿನಿಂದ ಅಳು ಕೇಳಿಸಿತು.

ಯಾರ ಅಳು ಎಂದು ಅಂಜನ್ ಕೇಳಬೇಕಾಗಿರಲಿಲ್ಲ. ಅವನ ಪೆನ್ಸಿಲ್ ನಿಂತಿತು. ಅಳು ಏರಿತು. ಅವನು ಬಾಗಿಲ ಕಡೆ ನೋಡಿದ. ಪುಸ್ತಕ ಮುಚ್ಚಿದ. ಬೆಂಚಿನ ತುದಿಗೆ ಸರಿದು ಕೂತ. ಆದದ್ದಾಯಿತು, ಒಂದು ದಿನವೂ ನಡೆಯಲಿಲ್ಲ ಎಂದುಕೊಂಡ.

ಮಾರಕ್ಕ ಬರಲಿಲ್ಲ. ಅಳು ಹಾಗೇ ಇತ್ತು. ಸರ್ ಮೂರನೇ ಲೆಕ್ಕ ಬರೆದರು. ಅಂಜನ್ ಬಾಗಿಲನ್ನೇ ನೋಡುತ್ತ ಕೂತ. ಅದು ಯಾವಾಗ ನಿಂತಿತೋ ಅವನಿಗೆ ಗೊತ್ತಾಗಲಿಲ್ಲ. ಗೊತ್ತಾಗುವ ಹೊತ್ತಿಗೆ ಬರೀ ಸೀಮೆಸುಣ್ಣದ ಸದ್ದು ಕೇಳಿಸುತ್ತಿತ್ತು.

ಕೊನೆಯ ಬೆಲ್ ಆದ ಕೂಡಲೇ ಅವನು ಎರಡೆರಡು ಮೆಟ್ಟಿಲು ಹಾರಿ ಕೆಳಗೆ ಓಡಿದ. ಕೃಪಾ ಕ್ಲಾಸಿನ ಬಾಗಿಲ ಹೊರಗೆ ಬ್ಯಾಗ್ ಹಾಕಿಕೊಂಡು ನಿಂತಿದ್ದಳು. ಕೆನ್ನೆಯ ಮೇಲೆ ಒಣಗಿದ ಕಣ್ಣೀರಿನ ಗೆರೆ ಇತ್ತು. ಅವಳ ಪಕ್ಕದಲ್ಲಿ ಯಶವಂತ ನಿಂತು ಬಿಸ್ಕತ್ತು ತಿನ್ನುತ್ತಿದ್ದ. ನಾಗವೇಣಿ ಮಿಸ್ ಬೀಗ ಹಾಕುತ್ತಿದ್ದರು. ಅವರ ಕೂದಲು ಕೆದರಿತ್ತು, ಸೀರೆಯ ಮಂಡಿಯ ಹತ್ತಿರ ನೆಲದ ಧೂಳು ಮೆತ್ತಿತ್ತು.

"ಮಿಸ್, ಇವತ್ತು ಅತ್ತಳಲ್ವಾ?"

"ಅತ್ತಳು. ಪಕ್ಕದ ವರ್ಕ್‌ಶಾಪಿನವರು ಬೆರಳು ಸುತ್ತಿಸಿ ಹೇಳಿ ಶುರು ಮಾಡಲ್ವಲ್ಲ," ಎಂದರು ಮಿಸ್. "ತುಂಬ ಹೊತ್ತು ಅತ್ತಳು. ನಾನೂ ಅವಳ ಜೊತೆ ನೆಲದ ಮೇಲೇ ಕೂತಿದ್ದೆ. ಆಮೇಲೆ ಸುಮ್ಮನಾದಳು."

"ಮತ್ತೆ ನನ್ನ ಯಾಕೆ ಕರೀಲಿಲ್ಲ?"

ಮಿಸ್ ಬೀಗವನ್ನು ಒಂದು ಸಲ ಎಳೆದು ನೋಡಿ, ಅವನ ಕಡೆ ತಿರುಗಿದರು.

"ನಿನಗೂ ಕ್ಲಾಸ್ ಇತ್ತಲ್ಲೋ," ಎಂದರು.

ಆ ಮಾತನ್ನು ಶಾಲೆಯಲ್ಲಿ ಇಷ್ಟು ದಿನ ಯಾರೂ ಅಂಜನ್‌ಗೆ ಹೇಳಿರಲಿಲ್ಲ. ಅವನು ತಂಗಿಯ ಕೈ ಹಿಡಿದುಕೊಂಡು ಗೇಟಿನ ಕಡೆ ನಡೆದ. ಮುಖ ಮಾತ್ರ ಆಚೆ ತಿರುಗಿಸಿಕೊಂಡಿದ್ದ.